ಎತ್ತರದ ಮಣೆಯ ಸಾಹೇಬರು

ನೀವು ರಜೆಗೆ ಬಂದಾಗ ಅಟ್ಟದಿಂದ ಇಳಿಸಿ, ಅಂಗಳದಲ್ಲಿ ಸ್ಟಂಪ್ ಮಾಡಿಕೊಂಡು ಆಡುತ್ತೀರಲ್ಲ, ಅದು ಮಣೆ. ಊಟಕ್ಕೆ ಕೂರುವ ಮಣೆ. ನೀವು ನಂಬುವುದಿಲ್ಲ ಎಂದು ಗೊತ್ತು. ಮಣೆ ಅಂದರೆ ನೆಲದಿಂದ ಎರಡು ಬೆರಳು ಎತ್ತರ ಇದ್ದರೆ ಸಾಕು, ಇದು ಮೊಳಕಾಲಿನವರೆಗೆ ಬರುತ್ತದೆ. ಆದರೂ ಮೇಲೆ ನೋಡಿರಿ, ಎಲ್ಲ ಮಣೆಗಳಿಗೂ ಇರುವ ಹಾಗೆ ಮೂಲೆಗೊಂದು ಹಿತ್ತಾಳೆಯ ಹೂವು ಬಡಿದಿದೆ. ಒಂದು ಹೂವು ನಿಮ್ಮ ಚೆಂಡಿನ ಏಟಿಗೆ ಹಾರಿಹೋಗಿದೆ, ಅದನ್ನು ಹುಡುಕಿ ಕೊಡಿರಿ.

ಈ ಮಣೆಯ ಕಥೆ ಹೇಳು ಎಂದು ನಿಮ್ಮಲ್ಲಿ ಸಣ್ಣವಳು ಕೇಳಿದಳು. ನಾನು ಬಾಯಲ್ಲಿ ಹೇಳಲು ಹೋದರೆ, ನಡುವೆ ಯಾರಾದರೂ ಬಂದು ಕೂತರೆ ಮಾತು ನಿಂತುಬಿಡುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ನಮ್ಮ ಕಡೆಯ ಅನಂತಪುರದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು, ತಪ್ಪಿದ್ದರೆ ತಿದ್ದಿ ಓದಿರಿ.

ಆ ಮಣೆಯ ಮೇಲೆ ಕೂತು ಉಂಡವರು ಸ್ವೀಡನ್ ದೇಶದವರು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಹೊಳೆ ದಂಡೆಯ ಸಕ್ಕರೆ ಕಾರ್ಖಾನೆಗೆ ಹೊಸ ಮಶೀನು ಬಂತು. ಕಾಕಂಬಿಯಿಂದ ಸಕ್ಕರೆಯನ್ನು ಬೇರೆ ಮಾಡಲು ಗರಗರ ತಿರುಗುವ ದೊಡ್ಡ ಕೊಳಗದಂಥ ಮಶೀನು. ಅದನ್ನು ಕೂಡಿಸಿ ನಡೆಸಿ ತೋರಿಸಲು ಮಶೀನು ಮಾಡಿದ ಕಂಪನಿಯವರು ಇವರನ್ನು ಕಳಿಸಿದರು. ಮೂವತ್ತು ತುಂಬಿರದ ಹುಡುಗ. ಅವರ ಹೆಸರನ್ನು ನಿಮ್ಮ ಅಜ್ಜ ಒಮ್ಮೆ ಹೇಳಿದ್ದರು. ನಮ್ಮ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಅದನ್ನು ಅನ್ನಲು ಹೋಗಿ ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು. ಆಮೇಲೆ ಎಲ್ಲರಿಗೂ ಅವರು ಬರೇ ಸಾಹೇಬರು.

ನಿಮ್ಮ ಅಜ್ಜ ಕಾರ್ಖಾನೆಯ ಸ್ಟೋರಿನಲ್ಲಿದ್ದರು. ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ. ಕಾರ್ಖಾನೆಯ ಗೆಸ್ಟ್‌ಹೌಸಿಗೆ ಸುಣ್ಣ ಹೊಡೆಯುತ್ತಿದ್ದಾರೆ, ಎರಡು ದಿನ ನಿಮ್ಮ ಹೊರಗಿನ ಖೋಲಿಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಮೇಲಿನವರು ಕೇಳಿದರಂತೆ. ಇವರು ಹೂಂ ಅಂದರು. ಆ ಸುಣ್ಣ ಒಣಗುವಷ್ಟರಲ್ಲಿ ಕಬ್ಬಿನ ಹಂಗಾಮು ಮುಗಿದಿತ್ತು.

ಸಾಹೇಬರು ಬಾಗಿಲಲ್ಲಿ ನಿಂತಾಗ ಅತ್ತೆ ಅವರನ್ನು ಪಾದದಿಂದ ನೋಡುತ್ತ ನೋಡುತ್ತ ಮೇಲೆ ಹೋದರು. ತಲೆ ತಲುಪಲು ಹೊತ್ತು ಹಿಡಿಯಿತು.

"ಲೇ, ಇಷ್ಟ ಉದ್ದ ಮನಶಾನ್ನ ತಂದೀದಿ, ಇಂವಗ ಹಾಸಿಗಿ ಎಲ್ಲಿಂದ ತರಲಿ?"

"ಎರಡ ದಿನ ಅಷ್ಟ, ಅವ್ವಾ."

"ಎರಡ ದಿನ ಆದ್ರೂ ಕಾಲ ಇರತಾವಲ್ಲೋ."

ಮೊದಲ ದಿನವೇ ಅವರ ಹಣೆ ನಮ್ಮ ಎಲ್ಲ ಬಾಗಿಲುಗಳಿಗೂ ಬಡಿಯಿತು. ಆಮೇಲೆ ಪ್ರತಿ ಬಾಗಿಲಿಗೂ ಬಗ್ಗಿಯೇ ದಾಟತೊಡಗಿದರು. ಕಣ್ಣಿಗೆ ಪೊರೆ ಬಂದಿದ್ದ ಅತ್ತೆಗೆ ಹಣೆಯ ಬುಗುಟು ಕಾಣಲಿಲ್ಲ, ಬಗ್ಗಿದ್ದು ಮಾತ್ರ ಕಂಡಿತು. "ಹೊಸ್ತಲಕ್ಕ ನಮಸ್ಕಾರ ಮಾಡ್ತಾನ ನೋಡ. ಎಷ್ಟ ಸಂಸ್ಕಾರ ಐತಿ," ಎಂದರು. ಅಲ್ಲಿಂದಲೇ ಗೊಂದಲ ಸುರುವಾಯಿತು.

ನಮ್ಮ ಜೈನರಲ್ಲಿ ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ದೀಪದ ಬೆಳಕಿಗೆ ಬರುವ ಹುಳ ತಟ್ಟೆಗೆ ಬಿದ್ದು ಸಾಯುತ್ತವೆ, ಆ ಪಾಪ ಉಣ್ಣುವವನಿಗೆ ಎಂದು ನಮ್ಮ ಹಿರಿಯರು ಮಾಡಿದ ನಿಯಮ. ಈಗ ನೀವು ರಾತ್ರಿ ಟೀವಿ ಮುಂದೆ ನೂಡಲ್ಸ್ ತಿನ್ನುತ್ತೀರಿ, ನಾನು ಆ ಕಡೆ ಮುಖ ಮಾಡಿ ಬತ್ತಿ ಹೊಸೆಯುತ್ತೇನೆ. ಅತ್ತೆಯ ಕಾಲದಲ್ಲಿ ಅದು ನಡೆಯುತ್ತಿರಲಿಲ್ಲ. ಹೊತ್ತು ಮುಳುಗಿತೆಂದರೆ ಒಲೆ ಆರಿತು, ಗಡಿಗೆಗಳ ಮೇಲೆ ಮುಚ್ಚಳ ಬಿತ್ತು.

ಸಾಹೇಬರು ಮೊದಲ ದಿನ ಕತ್ತಲಾದ ಮೇಲೆ ಬಂದರು. ಅತ್ತೆ ಏನು ಮಾಡಬೇಕೆಂದು ತಿಳಿಯದೆ ಅಡಿಗೆ ಮನೆಯ ಕಡೆ ಕೈ ತೋರಿಸಿ, ಮುಚ್ಚಿದೆ ಎನ್ನುವ ಹಾಗೆ ಎರಡೂ ಕೈ ಅಲ್ಲಾಡಿಸಿದರು. ಸಾಹೇಬರು ನಕ್ಕರು. ಹೊಟ್ಟೆಯ ಮೇಲೆ ಕೈಯಿಟ್ಟು, ಬೇಡ ಬೇಡ ಎಂದು ತಲೆ ಅಲ್ಲಾಡಿಸಿ, ಹೋಗಿ ಮಲಗಿದರು. ಮರುದಿನವೂ ಹಾಗೆಯೇ. ಮುಂಜಾನೆ ಮಾತ್ರ ನಾನು ಬಡಿದ ರೊಟ್ಟಿ ಆ ಮನುಷ್ಯನ ತಟ್ಟೆಗೆ ಬೀಳುವ ಮೊದಲೇ ಮಾಯವಾಗುತ್ತಿತ್ತು. ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನ ಖಾರಕ್ಕೆ ಹೆದರಿ ಬಾಳೆಹಣ್ಣು ತಿನ್ನುತ್ತಿದ್ದರಂತೆ.

ಅತ್ತೆ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದರು. ರಾತ್ರಿ ಉಣ್ಣುವುದಿಲ್ಲ, ಹೊಸ್ತಿಲಿಗೆ ಬಗ್ಗುತ್ತಾನೆ, ದಿನಕ್ಕೆ ಒಂದೇ ಹೊತ್ತು ಊಟ.

"ಅಂವ ಏಕಾಶನ ಮಾಡ್ತಾನ," ಎಂದರು ಬೆರಗಾಗಿ. ಏಕಾಶನ ಎಂದರೆ ದಿನಕ್ಕೊಮ್ಮೆ ಮಾತ್ರ ಉಣ್ಣುವ ವ್ರತ. "ಸ್ವೀಡನ್ನಿನಾಗೂ ನಮ್ಮ ಮಂದಿ ಅದಾರ."

ಬಸದಿಯ ಮುಂದೆ ನಿಂತು ಓಣಿಗೆಲ್ಲ ಹೇಳಿದರು. ಹೆಂಗಸರು ಹಿಂಡು ಹಿಂಡಾಗಿ ನೋಡಲು ಬಂದರು. ಒಬ್ಬ ಮುದುಕರು ಸಾಹೇಬರ ಕೈಗೆ ತೆಂಗಿನಕಾಯಿ ಕೊಟ್ಟು ಕೈ ಮುಗಿದರು. ಸಾಹೇಬರೂ ಮುಗಿದರು, ಕಾಯಿ ಕಾಲ ಮೇಲೆ ಬಿತ್ತು. ನಿಮ್ಮ ಅಜ್ಜನಿಗಂತೂ ದಿನವೂ ಪಾಠ. "ಪರದೇಶದಾಂವ ವ್ರತ ಹಿಡದಾನ. ನೀ ಹುಟ್ಟಿದ ಜೈನ, ಸಂತ್ಯಾಗ ಕತ್ತಲಾದ ಮ್ಯಾಲ ಭಜಿ ತಿಂದ ಬಾಯಿ ಒರಸ್ಕೊಂಡ ಬರ್ತಿ."

ನಿಮ್ಮ ಅಜ್ಜ ಬೇರೆಯೇ ಸುದ್ದಿ ತರುತ್ತಿದ್ದರು. ಸಾಹೇಬರ ಕೈ ನಡುಗುತ್ತದೆ, ಬೋಲ್ಟು ಬಿಗಿಯುವ ಪಾನಾ ಹಿಡಿದರೆ ಜಾರುತ್ತದೆ, ನಿನ್ನೆ ಒಂದು ಪಾನಾ ಕಬ್ಬಿನ ಹಾಲಿನ ಟಾಕಿಗೆ ಬಿತ್ತು. "ಹೊರದೇಶದಾಗ ಇದ ಮೊದಲನೇ ನೌಕರಿ ಅಂತ. ಈ ಹಂಗಾಮಿನಾಗ ಮಶೀನ ತಿರಗಲಿಲ್ಲಂದ್ರ ಕಂಪನಿ ಇಂವನ್ನ ವಾಪಸ್ ಕರಸಿ ಬ್ಯಾರೇದಾವನ್ನ ಕಳಸತೈತಿ. ನನ್ನ ಮುಂದ ಹೇಳಿದ, ಮಾರಿ ನೋಡಾಕ ಆಗಲಿಲ್ಲ."

"ವ್ರತ ಮಾಡೂವಾಗ ಕೈ ನಡಗೂದ," ಎಂದರು ಅತ್ತೆ.

ಗುಟ್ಟು ಬಿಟ್ಟುಕೊಟ್ಟವನು ಒಬ್ಬ ಗಾಡಿಯವನು. ಹಂಗಾಮಿನಲ್ಲಿ ಕಬ್ಬಿನ ಗಾಡಿಗಳು ಕಾರ್ಖಾನೆಯ ಗೇಟಿನಿಂದ ನಮ್ಮ ಮನೆಯ ಮುಂದಿನವರೆಗೂ ಸಾಲು ನಿಲ್ಲುತ್ತಿದ್ದವು. ಅವನು ರುಮಾಲು ಕೈಯಲ್ಲಿ ಹಿಡಿದು ಬಂದ. ನಾನು ಬಾಗಿಲ ಹಿಂದೆ ಸರಿದೆ.

"ಆಯೀ, ಒಂದ ಮಾತ ಹೇಳಲ್ರಿ? ಸಿಟ್ಟ ಆಗಬ್ಯಾಡ್ರಿ."

"ಹೇಳೋ."

"ನಿಮ್ಮ ಸಾಹೇಬ ದಿನಾ ಹೊತ್ತ ಮುಳಗಿದ ಮ್ಯಾಲ ನನ್ನ ಗಾಡಿ ಹಿಂದ ನಿಂತ ಕಬ್ಬ ಹಿರದ ತಿಂತಾನ್ರಿ."

"ಯಾರು?"

"ಸಾಹೇಬ್ರಿ. ಕಬ್ಬಿಂದ ಚಿಂತಿಲ್ರಿ, ತಿನ್ನಲಿ. ಖರೇ ಸಿಪ್ಪಿ ಸುಲದ ಎತ್ತಿನ ಮುಂದ ಒಗೀತಾನ. ಎತ್ತ ಸಿಪ್ಪಿ ತಿನಕೋತ ನಿಂತಬಿಡ್ತಾವ, ಸಾಲ ಮುಂದ ಹೋದ್ರೂ ನನ್ನ ಗಾಡಿ ಹೋಗವಲ್ದು."

ಆ ಸಂಜೆ ನಿಮ್ಮ ಅಜ್ಜ ತಮ್ಮ ಮುರುಕು ಇಂಗ್ಲಿಷಿನಲ್ಲಿ ಸಾಹೇಬರನ್ನು ಕೇಳಿದರು. ಅವರು ಕಿವಿಯವರೆಗೆ ಕೆಂಪಾದರು. ಈ ದೇಶದಲ್ಲಿ ರಾತ್ರಿ ಯಾರೂ ಉಣ್ಣುವುದಿಲ್ಲ ಎಂದುಕೊಂಡಿದ್ದರಂತೆ. ಹೊಸ ದೇಶ, ಹೊಸ ನೌಕರಿ, ಉಳಿದವರು ಹೇಗೋ ನಾನೂ ಹಾಗೆಯೇ ಇರಬೇಕು, ಹಸಿವೆ ಎಂದರೆ ತಪ್ಪು ತಿಳಿದಾರು ಎಂದು ಸುಮ್ಮನಿದ್ದರಂತೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಮಾಡಿದ್ದೂ ಅದನ್ನೇ.

ಅತ್ತೆ ಕಂಬಕ್ಕೆ ಒರಗಿ ಕೂತರು. "ಮನೀಗಿ ಬಂದ ಪಾಹುಣ್ಯಾ ಹಸದ ಮಲಗಿದ್ದ, ಆ ಪಾಪ ಒಂದ. ಓಣಿಗೆಲ್ಲಾ ಸುಳ್ಳ ಹೇಳಿದ್ದ, ಆ ಪಾಪ ಎರಡನೇದು."

"ಸಾಹೇಬ ಜೈನ ಅಲ್ಲ ಅಂತ ಹೇಳಿಬಿಡು, ಮುಗೀತು," ಎಂದರು ನಿಮ್ಮ ಅಜ್ಜ.

"ಬಸದಿ ಮುಂದ ನಿಂತ ಹೇಳಿದ್ದ ಮಾತ, ಹೊಳ್ಳಿ ನುಂಗಾಕ ಬರತೈತೇನ? ನಾಳಿಂದ ಹೊತ್ತ ಮುಳಗೂದರಾಗ ಅಂವ ಇಲ್ಲಿ ಕುಂತ ಉಣ್ಣಬೇಕು. ನಾ ಹೇಳಿದ್ದ ಖರೇ ಆಗಬೇಕು, ಅಂವನ ಹೊಟ್ಟೀನೂ ತುಂಬಬೇಕು."

ಹೀಗೆ ಒಬ್ಬ ಸ್ವೀಡನ್ನಿನವನು ನಮ್ಮ ಅತ್ತೆಯ ಮರ್ಯಾದೆ ಉಳಿಸುವ ಸಲುವಾಗಿ ಜೈನರ ಹಾಗೆ ಉಣ್ಣತೊಡಗಿದ. ಇಳಿಹೊತ್ತಿಗೆ ಕೆಲಸ ನಿಲ್ಲಿಸಿ, ನಿಮ್ಮ ಅಜ್ಜನ ಸೈಕಲ್ಲನ್ನು ತುಳಿಯುತ್ತ ಬರುತ್ತಿದ್ದರು. ಮೊಳಕಾಲು ಹ್ಯಾಂಡಲ್ಲಿಗೆ ಬಡಿಯುವುದರಿಂದ ಎರಡೂ ಕಾಲು ಹೊರಗೆ ಚಾಚಿ ತುಳಿಯುವುದು, ದೂರದಿಂದ ನೋಡಿದರೆ ಕಪ್ಪೆಯೊಂದು ಸೈಕಲ್ ಮೇಲೆ ಬಂದ ಹಾಗೆ. ಗಾಡಿಯವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು. "ಏ, ಬಾಜೂ ಸರಿಸ್ರಲೇ ಎತ್ತ, ಸಾಹೇಬ್ರ ಹೊತ್ತ ಮುಳಗಾಕತ್ತೈತಿ." ಊಟ ಮುಗಿಸಿ ಮತ್ತೆ ಕಾರ್ಖಾನೆಗೆ ಹೋಗಿ ಕೆಲಸ ಮಾಡುತ್ತಿದ್ದರು.

ಮಣೆ ಬಂದದ್ದು ಆಗ. ಮುಂಜಾನೆಯ ರೊಟ್ಟಿಯನ್ನು ಅವರು ಖೋಲಿಯ ಮಂಚದ ಮೇಲೆ ತಿನ್ನುತ್ತಿದ್ದರು. ಸಂಜೆಯ ಊಟ ಅಡಿಗೆ ಮನೆಯಲ್ಲಿಯೇ ಆಗಬೇಕು, ಓಣಿಯವರು ನೋಡಬೇಕು ಎಂದು ಅತ್ತೆಯ ಹಟ. ಅವರ ಕಾಲು ಮಡಚುವುದಿಲ್ಲ. ತಟ್ಟೆಯ ಅತ್ತಿತ್ತ ಕಾಲು ಚಾಚಿ ಎಮ್ಮೆ ಹಿಂಡುವವರ ಹಾಗೆ ಕೂರುತ್ತಿದ್ದರು. ಅತ್ತೆಯ ಅಡಿಗೆ ಮನೆಗೆ ಕುರ್ಚಿ ಬರುವ ಹಾಗಿಲ್ಲ. ಬಡಿಗೇರ ಕಾಕಾನನ್ನು ಕರೆಸಿ, "ಮಣಿ ಮಾಡ. ಖರೇ ಎತ್ತರ ಮಾಡ," ಎಂದರು.

"ಎತ್ತರ ಮಾಡಿದ್ರ ಅದು ಸ್ಟೂಲ್ ಆಗತೈತ್ರಿ, ಆಯಿ."

"ಹಿತ್ತಾಳಿ ಹೂವ ಬಡಿ. ಮಣಿ ಆಗತೈತಿ."

ಮಣೆ ಎತ್ತರವಾಯಿತು, ತಟ್ಟೆ ನೆಲದಲ್ಲೇ ಉಳಿಯಿತು. ಸಾಹೇಬರು ಗೋದಲಿಗೆ ಬಗ್ಗಿದ ಎತ್ತಿನ ಹಾಗೆ ಬಗ್ಗಿ ಉಂಡರು. ಕೊನೆಗೆ ನನ್ನ ಗೋಧಿಯ ಡಬ್ಬಿಯ ಮೇಲೆ ತಟ್ಟೆ ಇಟ್ಟೆವು. ಆ ಹಂಗಾಮು ಮುಗಿಯುವತನಕ ಗೋಧಿ ಬೇಕಾದರೆ ಅವರ ಊಟ ಆಗುವವರೆಗೆ ಕಾಯಬೇಕಿತ್ತು.

ಅವರು ಕನ್ನಡ ಕಲಿತದ್ದು ಅತ್ತೆಯಿಂದ, ಹಾಗಾಗಿ ಮುದುಕಿಯ ಹಾಗೆಯೇ ಮಾತಾಡುತ್ತಿದ್ದರು. ಕಾರ್ಖಾನೆಯ ಮ್ಯಾನೇಜರರಿಗೆ, "ಯಪ್ಪಾ, ಭಾಳ ದಣದೀ, ಒಂದೀಟ ಕುಂಡ್ರು," ಎಂದರಂತೆ. ಮ್ಯಾನೇಜರರು ಕೂತರಂತೆ.

ಒಂದು ಸಲ ಸಾಹೇಬರು ನಿಪ್ಪಾಣಿಯ ಸಂತೆಗೆ ಹೋಗಿ ಅತ್ತೆಗೆಂದು ಚೀಲ ತುಂಬ ಉಡುಗೊರೆ ತಂದರು. ಅವರ ಊರಲ್ಲಿ ಅದಿಲ್ಲದೆ ಊಟವೇ ಇಲ್ಲವಂತೆ. ಚೀಲ ಬಿಚ್ಚಿದರೆ ಬಟಾಟಿ, ನೀವು ಆಲೂಗಡ್ಡೆ ಅನ್ನುವುದು. ನೆಲದೊಳಗಿನ ಗಡ್ಡೆ ನಮ್ಮ ಅತ್ತೆ ಮುಟ್ಟುತ್ತಿರಲಿಲ್ಲ, ಒಂದು ಗಡ್ಡೆ ಕಿತ್ತರೆ ಮಣ್ಣಿನಲ್ಲಿ ಎಷ್ಟು ಜೀವ ಹೋಗುತ್ತವೆ ಎಂದು. ಆದರೆ ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನುವುದು ಹೇಗೆ? "ಭಾಳ ಚೊಲೋ ಅದಾವ," ಎಂದು ಹೇಳಿ, ಎಲ್ಲವನ್ನೂ ಎಮ್ಮೆಗೆ ಹಾಕಿದರು. ಸಾಹೇಬರು ಹಿತ್ತಲ ಬಾಗಿಲಲ್ಲಿ ನಿಂತು ಎಮ್ಮೆ ತಿನ್ನುವುದನ್ನು ನೋಡಿದರು. ಅಷ್ಟು ಆಸೆಯಿಂದ ಯಾರೂ ಎಮ್ಮೆಯನ್ನು ನೋಡಿದ್ದು ನನಗೆ ನೆನಪಿಲ್ಲ.

ಅವರ ಊರಿನ ಸುದ್ದಿ ಬಂದದ್ದೂ ಊಟದ ಹೊತ್ತಿನಲ್ಲೇ.

"ಆಯಿ, ನಮ್ಮೂರಾಗ ಬ್ಯಾಸಗ್ಯಾಗ ಹೊತ್ತ ಮುಳಗೂದ ಇಲ್ಲ."

"ಮುಳಗೂದ ಇಲ್ಲಂದ್ರ?"

"ರಾತ್ರಿನೂ ಸೂರ್ಯ ಇರ್ತಾನ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಹಂಗಾರ ಯಾವಾಗ ಬೇಕಾದ್ರೂ ಉಣ್ಣಬಹುದು. ಪುಣ್ಯವಂತರು." ಸ್ವಲ್ಪ ಯೋಚಿಸಿ, "ಚಳಿಗಾಲದಾಗ?" ಎಂದರು.

"ಚಳಿಗಾಲದಾಗ ಸೂರ್ಯ ಹುಟ್ಟೂದ ಇಲ್ಲ."

ಅತ್ತೆಗೆ ಎರಡು ದಿನ ಸಮಾಧಾನವಿರಲಿಲ್ಲ. ಆ ಊರಿನಲ್ಲಿ ಒಬ್ಬ ಜೈನ ಚಳಿಗಾಲ ಕಳೆಯುವುದು ಹೇಗೆ? ಬಸದಿಯಲ್ಲಿ ಪಂಡಿತರನ್ನು ಕೇಳಿದರು. ಪಂಡಿತರು ತಲೆ ಕೆರೆದುಕೊಂಡು, "ಶಾಸ್ತ್ರದಾಗ ಅಂಥಾ ಊರ ಬಂದಿಲ್ರಿ," ಎಂದರು. ಪ್ರಶ್ನೆ ಹಾಗೆಯೇ ಉಳಿಯಿತು.

ನನ್ನ ಸುದ್ದಿ ಹೇಳಿಲ್ಲ. ಇಷ್ಟೆಲ್ಲ ನಡೆದರೂ ನಾನು ಸಾಹೇಬರೊಡನೆ ಒಂದು ಮಾತೂ ಆಡಿರಲಿಲ್ಲ. ಬಡಿಸುವುದು, ಒಳಗೆ ಸರಿಯುವುದು. ಅತ್ತೆಯ ಚಟ್ನಿಗೆ ಖಾರ ಹೆಚ್ಚು ಎಂದು ಮದುವೆಯಾದ ವರ್ಷದಿಂದ ನನಗೆ ಅನಿಸುತ್ತಿತ್ತು, ಒಮ್ಮೆಯೂ ಅಂದಿರಲಿಲ್ಲ. ಸಾಹೇಬರು ಒಂದು ಸಂಜೆ ಆರಾಮವಾಗಿ, "ಆಯಿ, ಖಾರ ಭಾಳ ಆತು," ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ, "ಹೌದೇನ? ಮೊದ್ಲ ಹೇಳೂದಲ್ಲ," ಎಂದು ಮರುದಿನದಿಂದ ಕಡಿಮೆ ಹಾಕಿದರು. ಅಷ್ಟೇ. ಇಷ್ಟು ವರ್ಷ ನಾನು ಮೂಗಿನಲ್ಲಿ ನೀರು ಸುರಿಸಿಕೊಂಡು ಉಂಡಿದ್ದೆ.

ಮಶೀನು ನಡೆಸಿ ತೋರಿಸುವ ದಿನ ಬಂತು. ಕಾರ್ಖಾನೆಯ ಚೇರಮನ್ನರು ಬರುವುದು ತಡವಾಗಿ, ಕೆಲಸ ಸಂಜೆಗೆ ಹೋಯಿತು. ಸಾಹೇಬರು ಬಿಟ್ಟು ಬರುವ ಹಾಗಿರಲಿಲ್ಲ.

"ಹಸದ ಹೊಟ್ಟ್ಯಾಗ ಅಂವನ ಕೈ ನಡಗತಾವ," ಎಂದು ಅತ್ತೆ ಎದ್ದು ನಿಂತರು. "ಬುತ್ತಿ ಕಟ್ಟ. ನೀನೂ ನಡಿ, ನನಗ ಕಣ್ಣ ಕಾಣಂಗಿಲ್ಲ."

ನಮ್ಮಿಬ್ಬರಲ್ಲಿ ಯಾರೂ ಕಾರ್ಖಾನೆಯ ಒಳಗೆ ಕಾಲಿಟ್ಟವರಲ್ಲ. ಒಳಗೆ ಸಪ್ಪಳ, ಸೆಕೆ, ಸಿಹಿ ವಾಸನೆ, ಗಂಡಸರು. ನಾನು ಸೀರೆಯ ಸೆರಗು ಎಳೆದುಕೊಂಡು ಯಾರಿಂದಲೂ ದೂರ ಎಂದು ಪಡುವಣ ಕಡೆಯ ಕಿಟಕಿಗೆ ಅಂಟಿ ನಿಂತೆ. ಅತ್ತೆ ನೇರ ಮಶೀನಿನ ಹತ್ತಿರ ಹೋಗಿ ಬುತ್ತಿ ಬಿಚ್ಚಿದರು.

ಮ್ಯಾನೇಜರರು, "ಆಯಿ, ಈಗ ಊಟದ ಟೈಮ್ ಅಲ್ರಿ," ಎಂದರು.

"ನಿಂದ ಅಲ್ಲ, ಅಂವಂದ," ಎಂದು, ಅತ್ತೆ ಪಕ್ಕದಲ್ಲಿದ್ದ ಚೇರಮನ್ನರ ಕಡೆ ತಿರುಗಿದರು. ಚೇರಮನ್ನರು ನಮ್ಮವರೇ. "ನೀ ಉಂಡೀಯೇನಪಾ?"

ಚೇರಮನ್ನರು ತೊದಲಿದರು. "ಇಲ್ರಿ ಆಯಿ... ನಾ ಈಗೀಗ ರಾತ್ರಿನ..."

"ರಾತ್ರಿ? ನಿಮ್ಮವ್ವ ಏನ ಕಲಿಸ್ಯಾಳ? ಪರದೇಶದಾಂವನ್ನ ನೋಡಿ ಕಲಿ."

ಚೇರಮನ್ನರು ಪಾನಾಗಳ ಪೆಟ್ಟಿಗೆಯ ಮೇಲೆ ಕೂತು ರೊಟ್ಟಿ ಕೈಗೆ ತೆಗೆದುಕೊಂಡರು. ಸಾಹೇಬರು ಅರ್ಧ ರೊಟ್ಟಿ ತಿಂದಿದ್ದರು, ಅಷ್ಟರಲ್ಲಿ ಸೀಟಿ ಊದಿತು. ಓಡಿಹೋಗಿ ಮಶೀನು ಸುರು ಮಾಡಿದರು. ಅದು ತಿರುಗಿತು, ಆಮೇಲೆ ಗಡಗಡ ನಡುಗಿತು, ನೆಲವೂ ನಡುಗಿತು, ಚೇರಮನ್ನರ ಚಟ್ನಿ ಧೋತರದ ಮೇಲೆ ಬಿತ್ತು. ಮಶೀನು ನಿಂತಿತು. ಎಲ್ಲರೂ ಕನ್ನಡ ಮರಾಠಿ ಕೂಡಿಸಿ ಒಮ್ಮೆಲೇ ಕೂಗತೊಡಗಿದರು. ಸಾಹೇಬರ ಮುಖ ಸುಣ್ಣದ ಹಾಗಾಯಿತು. ಒಂದು ಕಡೆ ನಿಂತ ಮಶೀನು, ಇನ್ನೊಂದು ಕಡೆ ತಟ್ಟೆ ಹಿಡಿದು ನಿಂತ ಅತ್ತೆ. ಎರಡೂ ಕೆಲಸ ಹೊತ್ತು ಮುಳುಗುವುದರೊಳಗೆ ಆಗಬೇಕು. ಅವಸರಕ್ಕೆ ಅವರ ಕೈಯಿಂದ ಪಾನಾ ಜಾರಿತು.

"ಆಯಿ, ಸೂರ್ಯ?" ಎಂದು ಕೂಗಿದರು.

ಅತ್ತೆಗೆ ಕಾಣುವುದಿಲ್ಲ. ಉಳಿದವರಿಗೆ ಮಶೀನಿನ ಆಚೆ ಏನೂ ಕಾಣುತ್ತಿರಲಿಲ್ಲ. ಕಿಟಕಿಯಲ್ಲಿ ನಿಂತವಳು ನಾನೊಬ್ಬಳೇ. ಹೂಬಿಟ್ಟ ಕಬ್ಬಿನ ಸೂಲಂಗಿಯ ಮೇಲೆ ಒಂದು ಮಾರು ಹೊತ್ತು ಇತ್ತು.

"ಇನ್ನೂ ಸೂರ್ಯ ಐತ್ರಿ," ಎಂದೆ. "ಸಾವಕಾಶ ಮಾಡ್ರಿ."

ಎಲ್ಲರೂ ತಿರುಗಿ ನೋಡಿದರು. ನಿಮ್ಮ ಅಜ್ಜ ಮಶೀನೇ ಮಾತಾಡಿತೇನೋ ಎಂಬ ಹಾಗೆ ನೋಡಿದರು. ಸಾಹೇಬರು ಮಾತ್ರ ಒಮ್ಮೆ ಉಸಿರು ಬಿಟ್ಟು, ಪಾನಾ ಎತ್ತಿಕೊಂಡು, ಮಶೀನಿನ ಕಾಲಿನ ಬೋಲ್ಟುಗಳನ್ನು ಒಂದೊಂದಾಗಿ, ಅವಸರವಿಲ್ಲದೆ ಬಿಗಿದರು. ಮತ್ತೆ ಸುರು ಮಾಡಿದರು. ಈ ಸಲ ನುಣ್ಣಗೆ ತಿರುಗಿತು, ಎಮ್ಮೆ ಮೆಲುಕು ಹಾಕಿದ ಹಾಗೆ. ಒಳಗಿನಿಂದ ಬೆಳ್ಳಗೆ ಸಕ್ಕರೆ ಬಂತು. ಜನ ಚಪ್ಪಾಳೆ ತಟ್ಟುತ್ತಿದ್ದಾಗ ಅವರು ಕಿಟಕಿಗೆ ಓಡಿಬಂದು, ಹೊತ್ತು ಕಬ್ಬಿನೊಳಗೆ ಇಳಿಯುವುದನ್ನು ನೋಡುತ್ತ, ಉಳಿದ ಅರ್ಧ ರೊಟ್ಟಿ ಬಾಯಿಗೆ ತುರುಕಿಕೊಂಡರು. ಅತ್ತೆಯ ಮಾತು ಉಳಿಯಿತು, ಅವರ ನೌಕರಿಯೂ ಉಳಿಯಿತು.

ಹಂಗಾಮು ಮುಗಿದ ಮೇಲೆ ಅವರು ತಮ್ಮ ದೇಶಕ್ಕೆ ಹೋದರು. ಹೋಗುವಾಗಲೂ ಬಾಗಿಲಿಗೆ ಹಣೆ ಬಡಿಯಿತು. ಅಟ್ಟದಲ್ಲಿ ಮಣೆ ಉಳಿಯಿತು.

ಕೆಲವು ವರ್ಷಗಳ ನಂತರ, ಒಂದು ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ನಿಮ್ಮ ಅಜ್ಜ ಸಾಹೇಬರಿಗೂ ಸುದ್ದಿ ಮುಟ್ಟಿಸಿ, ಕಿರಾಣಿ ಅಂಗಡಿಯ ಫೋನ್ ನಂಬರು ಕೊಟ್ಟಿದ್ದರು. ನಮ್ಮ ಮನೆಗೆ ಇನ್ನೂ ಫೋನ್ ಬಂದಿರಲಿಲ್ಲ. ಒಂದು ಮಧ್ಯಾಹ್ನ ಕಿರಾಣಿ ಅಂಗಡಿಯವನು ಓಡಿಬಂದ. "ವೈನಿ, ಪರದೇಶದ ಫೋನ್ ಬಂದೈತ್ರಿ." ನಿಮ್ಮ ಅಜ್ಜ ಚಿಕ್ಕೋಡಿಗೆ ಹೋಗಿದ್ದರು. ನಾನೇ ಹೋಗಬೇಕಾಯಿತು. ಅಂಗಡಿ ತುಂಬ ಗಿರಾಕಿಗಳು, ಎಲ್ಲರ ಕಿವಿ ನನ್ನ ಕಡೆ.

"ಆಯಿ ಹೋದಳಂತ," ಎಂದಿತು ಆ ಕಡೆಯ ದನಿ, ನಮ್ಮ ಅತ್ತೆಯದೇ ಮಾತಿನಲ್ಲಿ. "ಆಯಿ ಸಲುವಾಗಿ ಹೊತ್ತ ಇರೂವಾಗ ಉಣ್ಣಬೇಕಂತ ಮಾಡಿದ್ದೆ. ಖರೇ ಇಲ್ಲಿ ಹೊತ್ತ ಹುಟ್ಟವಲ್ದು. ನಿನ್ನಿಂದ ಹಸದೇನಿ. ಏನ ಮಾಡ್ಲಿ?"

ಪಂಡಿತರಿಗೇ ಬಗೆಹರಿಯದ ಪ್ರಶ್ನೆ, ಕಿರಾಣಿ ಅಂಗಡಿಯಲ್ಲಿ ನನ್ನ ತಲೆಯ ಮೇಲೆ ಬಂತು. ನಾನು ರಿಸೀವರನ್ನು ಸಕ್ಕರೆ ಚೀಲದ ಮೇಲಿಟ್ಟು ಹೊರಗೆ ನಡೆದೆ. ಹಿಂದಿನಿಂದ ಅಂಗಡಿಯವನು, "ಬಿಲ್ ಅವರದ ಓಡತೈತಿ ತಗೋರಿ, ಸಾವಕಾಶ ಬರ್ರಿ," ಎಂದ. ಬೀದಿಯಲ್ಲಿ ನಿಂತು ಪಡುವಣಕ್ಕೆ ನೋಡಿದೆ. ಒಳಗೆ ಬಂದೆ.

"ಇಲ್ಲಿ ಇನ್ನೂ ಸೂರ್ಯ ಐತ್ರಿ," ಎಂದೆ. "ನಾ ನೋಡಿ ಬಂದೇನಿ. ಉಣ್ರಿ."

ಆ ಕಡೆ ತಟ್ಟೆಯ ಸಪ್ಪಳವಾಯಿತು. ಆಮೇಲೆ ಬಹಳ ಹೊತ್ತು, ಅಷ್ಟು ದೂರದಿಂದ, ಒಬ್ಬ ಮನುಷ್ಯ ಅಗಿಯುವ ಸಪ್ಪಳ ಮಾತ್ರ. ನಾನು ಕೇಳುತ್ತ ನಿಂತೆ.

"ಏನ ಉಣ್ಣಾಕತ್ತೀರಿ?" ಎಂದು ಕೇಳಿದೆ.

ಅಗಿಯುವುದು ನಿಂತಿತು.

"ಬಟಾಟಿ," ಎಂದರು ಸಣ್ಣ ದನಿಯಲ್ಲಿ.

ಮನೆಗೆ ಬಂದು ಅತ್ತೆಯ ಫೋಟೋದ ಮುಂದೆ ದೀಪ ಹಚ್ಚಿ, ಸಾಹೇಬರು ಫೋನ್ ಮಾಡಿದ್ದು, ಹಸಿದಿದ್ದು, ಹೊತ್ತು ಇರುವಾಗಲೇ ಉಂಡದ್ದು, ಎಲ್ಲ ಹೇಳಿದೆ. ಏನು ಉಂಡರು ಎಂಬುದನ್ನು ಮಾತ್ರ ಹೇಳಲಿಲ್ಲ.